ಮುದ್ರಿತ ಅಕ್ಷರಗಳನ್ನು ಓದಿ ಅನುವಾದಿಸುವ ಕೈ ಸ್ಕ್ಯಾನರುಗಳು: ಅರ್ಜಿದಾರರ ಗಮನಕ್ಕೆ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಕನ್ನಡದೊಂದಿಗೆ ತುಳು, ಕೊಂಕಣಿ, ಬ್ಯಾರಿ, ತಮಿಳು ಮಾತೃಭಾಷಿಕರೂ ಬಹುಕಾಲದಿಂದ ನೆಲೆಸಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ ಮುಂತಾದ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬರುವ ಕಾರ್ಮಿಕರ ಸಂಖ್ಯೆಯೂ ಹೆಚ್ಚಿದೆ. ಕಚೇರಿಯ ನಮೂನೆ, ನೋಟಿಸು ಹಾಗೂ ಹಿಂಬರಹಗಳು ಕನ್ನಡದಲ್ಲಿರುತ್ತವೆ. ಇವುಗಳನ್ನು ಓದಲಾರದವರು ಅಥವಾ ದೃಷ್ಟಿದೋಷವುಳ್ಳವರು ಮೊಬೈಲ್ ಕ್ಯಾಮೆರಾ ಇಲ್ಲವೇ ಕೈ ಸ್ಕ್ಯಾನರನ್ನು ಕಾಗದದ ಮೇಲೆ ಹಿಡಿದು ಓದಿಸಿಕೊಳ್ಳುವುದು ರೂಢಿಗೆ ಬಂದಿರುವುದರಿಂದ, ಆ ಸಾಧನಗಳ ಕಾರ್ಯವಿಧಾನ ಮತ್ತು ಮಿತಿಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಅಂಧರಿಗಾಗಿ ಮುದ್ರಿತ ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಅಮೆರಿಕದ ರೇ ಕರ್ಜ್‌ವೀಲ್ ಅವರು 1976ರಲ್ಲಿ ಹೊರತಂದರು. ಅದು ಮೇಜಿನ ಮೇಲಿಡುವಷ್ಟು ದೊಡ್ಡದಾಗಿತ್ತು; ಕೈಯಲ್ಲಿ ಹಿಡಿಯಬಹುದಾದ ಅದರ ರೂಪ ಬಂದದ್ದು 2006ರಲ್ಲಿ. 1990ರ ದಶಕದ ಉತ್ತರಾರ್ಧದಲ್ಲಿ ಇಸ್ರೇಲಿನ ಕ್ವಿಕ್ಷನರಿ, ಸ್ವೀಡನ್ನಿನ ಸಿ-ಪೆನ್ ಮುಂತಾದ ಲೇಖನಿ ಗಾತ್ರದ ಸ್ಕ್ಯಾನರುಗಳು ಮಾರುಕಟ್ಟೆಗೆ ಬಂದವು. ಸಾಲಿನ ಮೇಲೆ ಎಳೆದರೆ ಪದವನ್ನು ಗುರುತಿಸಿ ಅರ್ಥ ತೋರಿಸುವ ಇವುಗಳನ್ನು ಮುಖ್ಯವಾಗಿ ರೋಮನ್ ಲಿಪಿಗೆಂದು ರೂಪಿಸಲಾಗಿತ್ತು.

ಕನ್ನಡದ ಮಟ್ಟಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ರೂಪಿಸಿದ 'ಲಿಪಿ ಜ್ಞಾನಿ' ತಂತ್ರಾಂಶ ಉಲ್ಲೇಖನೀಯ. ಕನ್ನಡ ಲಿಪಿಯಲ್ಲಿ ಮುದ್ರಿತವಾದ ತುಳು, ಕೊಂಕಣಿ, ಸಂಸ್ಕೃತ ಪಠ್ಯಗಳನ್ನೂ ಗುರುತಿಸುವುದು ಅದರ ಉದ್ದೇಶ. ಅನುವಾದದ ಕಡೆ, ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಭಾರತ ಸರ್ಕಾರದ 'ಭಾಷಿಣಿ' 2022ರಲ್ಲಿ ಆರಂಭವಾಯಿತು.

ಸಾಧನವು ಓದುವ ಬಗೆ

ಸಾಧನವು ಮೊದಲು ಕಾಗದದ ಚಿತ್ರವನ್ನು ತೆಗೆದು, ಸಾಲು ಮತ್ತು ಅಕ್ಷರಗಳನ್ನು ಬೇರ್ಪಡಿಸಿ ಗುರುತಿಸುತ್ತದೆ. ಅನಂತರವೇ ಅನುವಾದ. ಆದುದರಿಂದ ಮೊದಲ ಹಂತದಲ್ಲಿ ಆದ ತಪ್ಪು ಎರಡನೆಯ ಹಂತದಲ್ಲಿ ಸರಿಯಾದ ವಾಕ್ಯದಂತೆಯೇ ಕಾಣಿಸಿಕೊಳ್ಳುತ್ತದೆ. ಓದುವವರಿಗೆ ಸಂಶಯವೇ ಬಾರದು.

ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಬರುವುದರಿಂದ ಕೆಳಸಾಲಿನೊಂದಿಗೆ ಬೆರೆಯುವ ಸಂಭವವಿದೆ. ದ-ಧ, ಬ-ಭ, ಪ-ಷ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಮಾತ್ರ. 'ಭೈರಯ್ಯ' ಎಂಬುದನ್ನು ಸಾಧನವು 'ಬೈರಯ್ಯ' ಎಂದು ಓದಬಹುದು. ಜನರೂ ಎರಡು ರೀತಿ ಬರೆಯುವ ಹೆಸರಾದುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಪಹಣಿ ಹಾಗೂ ಗುರುತಿನ ಚೀಟಿಯಲ್ಲಿ ಹೆಸರು ಹೊಂದಾಣಿಕೆಯಾಗದಿದ್ದಲ್ಲಿ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ. ಗಣಕಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಸಾಧನವು ಸೊನ್ನೆಯ ಬದಲು ಅನುಸ್ವಾರವನ್ನು ದಾಖಲಿಸಿದರೆ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದನ್ನೇ ನಕಲಿಸಿ ಆನ್‌ಲೈನ್ ಅರ್ಜಿಯಲ್ಲಿ ಅಂಟಿಸಿದಾಗ ಸ್ವೀಕೃತವಾಗದಿರಬಹುದು. ಸಂಖ್ಯೆಗಳನ್ನು ಕೈಯಿಂದಲೇ ಟೈಪ್ ಮಾಡುವುದು ಸೂಕ್ತ.

ಭೂ ದಾಖಲೆಗಳ ವಿಷಯದಲ್ಲಿ

ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ಸರ್ವೆ ನಂಬರು 61/2 ಎಂಬುದರ ಓರೆಗೆರೆಯನ್ನು ಒಂದು ಎಂದು ಓದಿದರೆ ಅದು 6112 ಆಗುತ್ತದೆ. ವಿಸ್ತೀರ್ಣ 2-15 ಎಂದಿದ್ದರೆ ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ 40 ಗುಂಟೆಯಾದುದರಿಂದ ಅದು 2.375 ಎಕರೆ. ಅನುವಾದದಲ್ಲಿ ಇದು 2.15 ಎಕರೆ ಎಂದು ಬಂದಲ್ಲಿ ಒಂಬತ್ತು ಗುಂಟೆ ಲೆಕ್ಕದಿಂದ ಹೊರಗುಳಿಯುತ್ತದೆ. ಕಾಫಿ ತೋಟದಲ್ಲಿ ಒಂಬತ್ತು ಗುಂಟೆ ಸಣ್ಣದಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಕಂದಾಯ ಪರಿಭಾಷೆಯೂ ಯಂತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. 'ಖಾತೆ' ಎಂಬುದು ಬ್ಯಾಂಕ್ ಖಾತೆಯಾಗಿಯೂ, 'ಖರಾಬು' ಎಂಬುದು ಕೆಟ್ಟುಹೋದದ್ದು ಎಂದೂ ಅನುವಾದವಾಗಬಹುದು. ವಾಸ್ತವವಾಗಿ 'ಎ' ಖರಾಬು ಸಾಗುವಳಿಗೆ ಯೋಗ್ಯವಲ್ಲದ ಜಮೀನು. 'ಬಿ' ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿದ್ದು. 'ಪೋಡಿ', 'ಸೊಪ್ಪಿನಬೆಟ್ಟ', 'ಆಕಾರ್‌ಬಂದ್' ಮುಂತಾದ ಪದಗಳನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು ಅರ್ಥವನ್ನು ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಹಳೆಯ ಸಾಗುವಳಿ ಚೀಟಿಗಳಲ್ಲಿ ಬೇರೊಂದು ತೊಡಕಿದೆ. ನಮೂನೆಯ ಅಚ್ಚಾದ ಭಾಗವನ್ನು ಸಾಧನವು ಸರಾಗವಾಗಿ ಓದುತ್ತದೆ. ಮಂಜೂರಿದಾರರ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಷರತ್ತುಗಳು ಕೈಬರಹದಲ್ಲಿರುತ್ತವೆ. ಅವನ್ನು ಬಿಟ್ಟುಬಿಡುತ್ತದೆ ಅಥವಾ ತಪ್ಪಾಗಿ ಓದುತ್ತದೆ. ಅಂದರೆ ಯಾರಿಗೂ ಬೇಡದ ಭಾಗ ಮಾತ್ರ ಅನುವಾದವಾಗಿ ಕೈಗೆ ಬರುತ್ತದೆ. 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಗಣಕೀಕರಿಸಿದಾಗಲೂ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಸಿಬ್ಬಂದಿ ಕುಳಿತು ಟೈಪ್ ಮಾಡಿಯೇ ದಾಖಲಿಸಬೇಕಾಯಿತು. ಈಗ ಅಭಿಲೇಖಾಲಯದಿಂದ ದೊರೆಯುವ ಸ್ಕ್ಯಾನ್ ಪ್ರತಿಗಳೂ ಮೂಲದ ಚಿತ್ರಗಳೇ.

ಹಳೆಯ ಸುತ್ತೋಲೆಗಳ ವಿಷಯದಲ್ಲಿ ಮಾತ್ರ ಸ್ಕ್ಯಾನರು ಅನಿರೀಕ್ಷಿತವಾಗಿ ಉಪಯುಕ್ತ. ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವನ್ನು ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದೇ ಪುಟವನ್ನು ಮುದ್ರಿಸಿ ಕ್ಯಾಮೆರಾ ಹಿಡಿದರೆ ಕನ್ನಡವಾಗಿ ಓದಿಸಿಕೊಳ್ಳಬಹುದು.

ಬಳಸುವಾಗ

ಮಳೆಗಾಲದಲ್ಲಿ ಥಂಡಿ ಹಿಡಿದ ಕಾಗದದಲ್ಲಿ ಹಿಂಬದಿಯ ಅಕ್ಷರ ಮುಂದಕ್ಕೆ ಮೂಡುತ್ತದೆ. ಅಡಿಯಲ್ಲಿ ಒಂದು ಕಪ್ಪು ಹಾಳೆ ಇಟ್ಟು ಚಿತ್ರ ತೆಗೆಯಬೇಕು. ಲ್ಯಾಮಿನೇಟ್ ಮಾಡಿದ ದಾಖಲೆಯನ್ನು ದೀಪದ ನೇರಕ್ಕೆ ಹಿಡಿಯಬಾರದು. ಕಳಸದ ಸುತ್ತಲಿನ ಅನೇಕ ಗ್ರಾಮಗಳಲ್ಲಿ ನೆಟ್‌ವರ್ಕ್ ದೊರೆಯುವುದು ಕಷ್ಟವಾದುದರಿಂದ, ಭಾಷಾ ಕಡತವನ್ನು ಪೇಟೆಯಲ್ಲಿದ್ದಾಗಲೇ ಮೊಬೈಲಿಗೆ ಇಳಿಸಿಕೊಂಡಿರುವುದು ಲೇಸು. ಆಧಾರ್, ಬ್ಯಾಂಕ್ ಪುಸ್ತಕ ಹಾಗೂ ವೈದ್ಯಕೀಯ ದಾಖಲೆಗಳ ಚಿತ್ರವನ್ನು ಪರಿಚಯವಿಲ್ಲದ ತಂತ್ರಾಂಶಗಳಿಗೆ ನೀಡತಕ್ಕದ್ದಲ್ಲ. ಅವು ಹೊರಗಿನ ಗಣಕಕ್ಕೆ ರವಾನೆಯಾಗುವ ಸಾಧ್ಯತೆ ಇರುತ್ತದೆ.

ಯಂತ್ರದ ಅನುವಾದವು ತಿಳಿವಳಿಕೆಗೆ ಮಾತ್ರ. ಅರ್ಜಿಯೊಂದಿಗೆ ಅದನ್ನು ಮೂಲ ದಾಖಲೆಯ ಬದಲಾಗಿ ಲಗತ್ತಿಸುವಂತಿಲ್ಲ. ಮ್ಯುಟೇಷನ್ ಅಥವಾ ವಿಚಾರಣೆಯ ನೋಟಿಸು ಬಂದಲ್ಲಿ, ತಕರಾರು ಸಲ್ಲಿಸುವ ಕೊನೆಯ ದಿನಾಂಕವನ್ನು ಸಾಧನದಿಂದ ಓದಿಸಿಕೊಂಡು ಸುಮ್ಮನಾಗದೆ, ಕನ್ನಡ ಬಲ್ಲವರೊಬ್ಬರಿಂದ ಆ ಸಾಲನ್ನು ಅದೇ ದಿನ ಓದಿಸಿಕೊಳ್ಳತಕ್ಕದ್ದು. ತೋಟದ ಮಾಲೀಕರು ಹಾಗೂ ರೈಟರುಗಳು ಕಾರ್ಮಿಕರಿಗೆ ಈ ನೆರವು ನೀಡಬಹುದು. ಓದಿ ಹೇಳುವವರು ಯಾರೂ ಇಲ್ಲದಿದ್ದಲ್ಲಿ, ನೋಟಿಸಿನ ಮೂಲ ಪ್ರತಿಯೊಂದಿಗೆ ಗ್ರಾಮ ಆಡಳಿತ ಅಧಿಕಾರಿಯವರನ್ನು ಅಥವಾ ತಮ್ಮ ಹೋಬಳಿಯ ನಾಡಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು.