ಲೆಕ್ಕ ಬಲ್ಲ ಜೂಜುಗಾರ

ಕನಕದಾಸರ ಕಾವ್ಯದಿಂದ ನಮ್ಮ ನಾಡಿಗೆಲ್ಲ ಪರಿಚಿತವಾದ ನಳಚರಿತ್ರೆಯ ಮೂಲವು ಮಹಾಭಾರತದ ಅರಣ್ಯಪರ್ವದಲ್ಲಿದೆ. ಜೂಜಿನಲ್ಲಿ ರಾಜ್ಯವನ್ನು ಪುಷ್ಕರನಿಗೆ ಸೋತ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಿಗೆ ಸಾರಥಿಯಾಗಿದ್ದಾನೆ. ವಿದರ್ಭದ ದಾರಿಯಲ್ಲಿ ಋತುಪರ್ಣನು ಒಂದು ತಾರೆಯ ಮರವನ್ನು ಕಂಡು, ಅದರ ಎರಡು ಕೊಂಬೆಗಳಲ್ಲಿ 2,095 ಕಾಯಿಗಳಿವೆಯೆಂದು ರಥದಲ್ಲಿ ಕುಳಿತಂತೆಯೇ ಹೇಳಿಬಿಡುತ್ತಾನೆ. ನಳನು ಇಳಿದು ಎಣಿಸುತ್ತಾನೆ, ಲೆಕ್ಕ ಸರಿಯಾಗಿದೆ. ಕವಿಯು ಆ ಮರವನ್ನು ಸುಮ್ಮನೆ ಆರಿಸಿದ್ದಲ್ಲ. ವೇದಕಾಲದ ಜೂಜಿಗೆ ತಾರೆಕಾಯಿಗಳೇ ದಾಳಗಳು. ಅಶ್ವಹೃದಯವನ್ನು ಕೊಡುವುದಾಗಿ ಒಪ್ಪಿ ನಳನು ಅಕ್ಷಹೃದಯವನ್ನು ಪಡೆಯುತ್ತಾನೆ. ಪಡೆದ ಕ್ಷಣವೇ ಕಲಿಪುರುಷನು ಕಾರ್ಕೋಟಕನ ವಿಷವನ್ನು ಕಾರುತ್ತ ಅವನ ಮೈಯಿಂದ ಹೊರಬೀಳುತ್ತಾನೆ.

ಇಲ್ಲಿಗೆ ಬಂದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಲೆಕ್ಕ ಬಂದರೆ ಕಲಿ ಯಾಕೆ ಬಿಡಬೇಕು ಸಾರ್? ನಮ್ಮ ಬೀದಿಯಲ್ಲಿ ಇಸ್ಪೀಟು ಆಡುವವರಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಉತ್ತರ ಮಾತ್ರ ತೋಚಲಿಲ್ಲ. ಆ ಹುಡುಗನ ಸಂಶಯಕ್ಕೆ ಸಾಕ್ಷಿಯಾಗಿ ನಿಲ್ಲಬಲ್ಲವನೊಬ್ಬ ಇಟಲಿಯಲ್ಲಿ ಆಗಿಹೋಗಿದ್ದನೆಂಬುದು ನನಗೆ ತಿಳಿದದ್ದು ಆಮೇಲೆ.

ಅವನ ಹೆಸರು ಜೆರೊಲಾಮೊ ಕಾರ್ಡಾನೊ. 1501ರಲ್ಲಿ ಪಾವಿಯಾ ನಗರದಲ್ಲಿ ಹುಟ್ಟಿದವನು. ಹೆಸರಾಂತ ವೈದ್ಯ, 1545ರಲ್ಲಿ 'ಆರ್ಸ್ ಮಾಗ್ನಾ' ಎಂಬ ಬೀಜಗಣಿತದ ಮಹಾಗ್ರಂಥವನ್ನು ಪ್ರಕಟಿಸಿದವನು. ಇವೆಲ್ಲಕ್ಕೂ ಮೊದಲು ಅವನು ಜೂಜುಗಾರ. ವಿದ್ಯಾರ್ಥಿದೆಸೆಯಲ್ಲಿ ಹೊಟ್ಟೆಯ ಪಾಡನ್ನು ಆ ಆಟದಿಂದಲೇ ನೀಗಿಸಿಕೊಂಡವನು.

ಗರ ಬೀಳುವುದು ದೈವದ ಕೈಯಲ್ಲಿದೆ ಎಂದು ಜಗತ್ತೆಲ್ಲ ನಂಬಿದ್ದ ಕಾಲದಲ್ಲಿ ಅವನು ಕುಳಿತು ಎಣಿಸಿದ. ಎರಡು ದಾಳಗಳು 36 ಬಗೆಯಲ್ಲಿ ಬೀಳಬಲ್ಲವು, ಮೂರು ದಾಳಗಳು 216 ಬಗೆಯಲ್ಲಿ. ಬೇಕಾದ ಗರ ಅವುಗಳಲ್ಲಿ ಎಷ್ಟು ಬಗೆಯಲ್ಲಿ ಬರುತ್ತದೆಯೋ ಅದಕ್ಕೆ ತಕ್ಕಂತೆ ಪಣವಿರಬೇಕು. ಈ ವಿಚಾರವನ್ನು ಬರೆದಿಟ್ಟ ಲ್ಯಾಟಿನ್ ಪುಸ್ತಕವು ಅವನು ಬದುಕಿದ್ದಾಗ ಅಚ್ಚಾಗಲಿಲ್ಲ. 1576ರಲ್ಲಿ ಅವನು ತೀರಿಕೊಂಡ. ಪುಸ್ತಕ ಬೆಳಕು ಕಂಡದ್ದು 1663ರಲ್ಲಿ. ಅಷ್ಟರೊಳಗೆ, 1654ರಲ್ಲಿಯೇ, ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು ಪತ್ರಮುಖೇನ ಸಂಭವಗಣಿತಕ್ಕೆ ಅಡಿಪಾಯ ಹಾಕಿಬಿಟ್ಟಿದ್ದರು.

ಆ ಪುಸ್ತಕದಲ್ಲಿ ಇಸ್ಪೀಟಿನ ವಿಚಾರವೂ ಇದೆ. ಅವನಿಗೆ ಮೆಚ್ಚಿನ ಆಟ ಪ್ರಿಮೆರೊ. ಎಲೆಗಳನ್ನು ಮುಚ್ಚಿ ಹಿಡಿದು ಪಣವನ್ನು ಏರಿಸುತ್ತ ಹೋಗುವ ಈ ಆಟವನ್ನು, 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ತಲೆಯೆತ್ತಿದ ಪೋಕರಿನ ಹಿರಿಯರಲ್ಲಿ ಒಂದೆಂದು ಎಣಿಸುವುದುಂಟು. ಪೋಕರಿನಲ್ಲಿ 52 ಎಲೆಗಳಿಂದ ಐದನ್ನು ಹಂಚಿದರೆ 25,98,960 ಬಗೆಯ ಕೈಗಳಾಗುತ್ತವೆ. ಅಷ್ಟನ್ನೂ ಎಣಿಸಿ ತಿಳಿದವನು ಕೂಡ, ಕೀಳು ಎಲೆ ಹಿಡಿದು ಹುಸಿಧೈರ್ಯ ತೋರುವ ಎದುರಾಳಿಗೆ ಹೆದರಿ ಎಲೆ ಮಡಿಸಬಹುದು. ಸೋತ ಸಿಟ್ಟಿನಲ್ಲಿ ವಿವೇಕ ತಪ್ಪಿ ಆಡುವುದನ್ನು ಅಲ್ಲಿಯವರು 'ಟಿಲ್ಟ್' ಎನ್ನುತ್ತಾರೆ, ಎಂದರೆ ಓರೆಯಾಗುವುದು. ನಮ್ಮ ಹಿಂದಿನವರು ಅದನ್ನೇ 'ಕಲಿ ಹೊಕ್ಕಿದೆ' ಎಂದರೇನೋ!

ಕಾರ್ಡಾನೊ ಇದನ್ನೂ ಅರಿಯದವನಲ್ಲ. ಪಣ ಅಲ್ಪವಾಗಿರಲಿ, ಎದುರಾಳಿ ಯೋಗ್ಯನಾಗಿರಲಿ, ಕೋಪಕ್ಕೂ ಅಂಜಿಕೆಗೂ ಎಡೆಗೊಡಬೇಡ ಎಂದು ಬರೆದ. ಜೂಜನ್ನು ವಾಸಿಯಾಗದ ರೋಗದಂತೆ ವೈದ್ಯನೇ ವಿಚಾರಿಸಬೇಕೆಂದ. ಆಡದಿರುವುದೇ ದೊಡ್ಡ ಲಾಭವೆಂಬ ಮಾತು ಕೂಡ ಅವನದೇ.

ಆದರೆ ಅವನು ನಡೆದುಕೊಂಡ ಬಗೆ ಹೇಗೆ? ಯೌವನದಲ್ಲಿ ವೆನಿಸ್ ನಗರದಲ್ಲಿ ಒಬ್ಬನ ಮನೆಯಲ್ಲಿ ಆಡಿ ಹಣ ಸೋತ. ಮರುದಿನ ಉಳಿದುದೂ ಹೋಯಿತು. ಅಷ್ಟರಲ್ಲಿ ಎಲೆಗಳಿಗೆ ಗುರುತು ಮಾಡಿರುವುದು ಕಣ್ಣಿಗೆ ಬಿತ್ತು. ಕೂಡಲೇ ಕಠಾರಿ ಹಿರಿದು ಆತಿಥೇಯನ ಮುಖಕ್ಕೆ ಗಾಯ ಮಾಡಿ, ಸೋತದ್ದನ್ನು ಬಾಚಿಕೊಂಡು ಹೊರಬಿದ್ದ. ಅದೇ ರಾತ್ರಿ ಕತ್ತಲಲ್ಲಿ ಕಾಲುಜಾರಿ ನೀರಿಗೆ ಬಿದ್ದ. ಹಾದುಹೋಗುತ್ತಿದ್ದ ದೋಣಿಯವರು ಮೇಲೆತ್ತಿದರು. ನೋಡುತ್ತಾನೆ, ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಅದೇ ಎದುರಾಳಿ ಅಲ್ಲಿ ಕುಳಿತಿದ್ದಾನೆ! ಪುಣ್ಯಾತ್ಮ ಸೇಡು ತೀರಿಸಿಕೊಳ್ಳಲಿಲ್ಲ. ಉಡಲು ಒಣಬಟ್ಟೆ ಕೊಟ್ಟ. ಆ ರಾತ್ರಿ ಮನಸ್ಸನ್ನು ಹತೋಟಿಯಲ್ಲಿಟ್ಟವನು ಮೋಸಗಾರನೇ ಹೊರತು ಗಣಿತಜ್ಞನಲ್ಲ.

ಇಷ್ಟಾದರೂ ಆಟ ನಿಲ್ಲಲಿಲ್ಲ. ಮದುವೆಯಾದ ಮೇಲೆ ಹೆಂಡತಿಯ ಒಡವೆಗಳನ್ನೂ ಮನೆಯ ಸಾಮಾನನ್ನೂ ಒತ್ತೆಯಿಟ್ಟ. ಅಕ್ಷಹೃದಯ ಕೈವಶವಾಗಿಯೂ ಕಲಿ ಬಿಡಲಿಲ್ಲ. ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ನಳನ ವಿಷಯದಲ್ಲಿ ಕಾರ್ಕೋಟಕನ ವಿಷ ಕಲಿಯನ್ನು ವರ್ಷಗಟ್ಟಲೆ ಒಳಗೆ ಸುಟ್ಟಿತ್ತು. ಕಾಡಿನ ಅಲೆದಾಟ, ದಮಯಂತಿಯ ಅಗಲಿಕೆ, ಲಾಯದ ಚಾಕರಿ ಎಲ್ಲ ಆಗಿದ್ದವು. ಋತುಪರ್ಣನ ಲೆಕ್ಕ ಬಂದದ್ದು ಕೊನೆಗೆ. ಆ ಮೊದಲರ್ಧವನ್ನು ಬಿಟ್ಟು ಲೆಕ್ಕವನ್ನಷ್ಟೇ ಪಾಠ ಹೇಳುತ್ತಿದ್ದದ್ದು ನನ್ನ ತಪ್ಪು.

ಕಾರ್ಡಾನೊ ಮುಪ್ಪಿನಲ್ಲಿ ಆತ್ಮಚರಿತ್ರೆ ಬರೆದ. ಅದರಲ್ಲಿಯೂ ಲೆಕ್ಕ ಬಿಟ್ಟಿಲ್ಲ: ಚದುರಂಗ ನಲವತ್ತು ವರ್ಷಕ್ಕೂ ಮೇಲೆ, ದಾಳ ಸುಮಾರು ಇಪ್ಪತ್ತೈದು ವರ್ಷ. ಅದೂ ವರ್ಷಕ್ಕೊಮ್ಮೆಯಲ್ಲ, ದಿನದಿನವೂ ಆಡಿದೆನೆಂದು ನಾಚುತ್ತಲೇ ಒಪ್ಪಿಕೊಂಡಿದ್ದಾನೆ.