ಭತ್ತದ ಹೊಟ್ಟಿನ ಬೂದಿ ಕಾಂಕ್ರೀಟ್‌ಗೆ ಬಳಸಬಹುದೇ? ಸುಟ್ಟ ರೀತಿಯಲ್ಲೇ ಇದೆ ಉತ್ತರ

ಗಂಗಾವತಿ, ಸಿಂಧನೂರು, ದಾವಣಗೆರೆಯಂಥ ಭತ್ತದ ಊರುಗಳಲ್ಲಿ ಅಕ್ಕಿ ಗಿರಣಿಯ ಪಕ್ಕ ಮನೆ ಇದ್ದವರಿಗೆ ಈ ಬೂದಿಯ ಪರಿಚಯ ಮಾಡಿಕೊಡಬೇಕಿಲ್ಲ. ಒಣಹಾಕಿದ ಬಟ್ಟೆಯ ಮೇಲೂ ಅದೇ, ಅಂಗಳದಲ್ಲೂ ಅದೇ. ಭತ್ತ ಬೇಯಿಸಲು, ಒಣಗಿಸಲು ಗಿರಣಿಗಳು ಹೊಟ್ಟನ್ನೇ ಉರಿಸುತ್ತವೆ. ಉಳಿದ ಬೂದಿ ಎಷ್ಟೋ ಕಡೆ ರಸ್ತೆ ಬದಿಗೆ ಬೀಳುತ್ತದೆ. ಇದೇ ಬೂದಿ ಕಾಂಕ್ರೀಟ್‌ನಲ್ಲಿ ಸಿಮೆಂಟಿನ ಒಂದು ಪಾಲಿನ ಜಾಗ ತುಂಬಬಲ್ಲದು. ಆದರೆ ಗಿರಣಿ ಹಿಂದಿನ ಗುಡ್ಡೆಯಿಂದ ಹಾಗೇ ತಂದು ಸುರಿದರೆ ಆಗದು.

ಒಂದು ಟನ್ ಭತ್ತದಿಂದ ಸುಮಾರು 200 ಕೆ.ಜಿ. ಹೊಟ್ಟು ಬರುತ್ತದೆ. ಅದನ್ನು ಸುಟ್ಟರೆ ಸಿಗುವ ಬೂದಿ ಸುಮಾರು 40 ಕೆ.ಜಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ. 85ರಿಂದ 95ರಷ್ಟು ಸಿಲಿಕಾ ಇರುತ್ತದೆ. ಭತ್ತದ ಗಿಡ ಮಣ್ಣಿನಿಂದ ಹೀರಿ ಕಾಳಿನ ಹೊದಿಕೆಯಲ್ಲಿ ಕೂಡಿಟ್ಟ ಸಿಲಿಕಾ ಇದು.

ಸಿಮೆಂಟ್ ನೀರಿನೊಂದಿಗೆ ಬೆರೆತಾಗ ಗಟ್ಟಿತನ ಕೊಡುವ ಅಂಟಿನ ಜೊತೆಗೆ ಸುಣ್ಣದ ಅಂಶವೂ ಹುಟ್ಟುತ್ತದೆ. ಈ ಸುಣ್ಣದಿಂದ ಬಲಕ್ಕೆ ಹೆಚ್ಚೇನೂ ಲಾಭವಿಲ್ಲ. ಬೂದಿಯ ಸಿಲಿಕಾ ಅದರೊಂದಿಗೆ ಸೇರಿ ಇನ್ನಷ್ಟು ಅಂಟು ಮಾಡುತ್ತದೆ, ಒಳಗಿನ ಸಣ್ಣ ರಂಧ್ರಗಳು ಮುಚ್ಚುತ್ತವೆ. ಉಪ್ಪಿನಂಶ ಕಬ್ಬಿಣದ ಸರಳಿನವರೆಗೆ ಇಳಿಯುವುದು ನಿಧಾನವಾಗುತ್ತದೆ. ಮುಂಬೈ, ಚೆನ್ನೈ, ಮಂಗಳೂರಿನಲ್ಲಿ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಸಿಡಿದ ಕಂಬಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಪರಿಸರದ ಲೆಕ್ಕವೂ ಸಣ್ಣದಲ್ಲ: ಮನುಷ್ಯ ಚಟುವಟಿಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟ್ ಉದ್ಯಮದ್ದೇ ಸುಮಾರು ಶೇ. 7-8 ಪಾಲು.

ತೊಡಕು ಉರಿಯಲ್ಲಿ

ಹೊಟ್ಟನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಸಾಕಷ್ಟು ಗಾಳಿ ಕೊಟ್ಟು ಸುಟ್ಟರೆ ಸಿಲಿಕಾ ಸುಣ್ಣದೊಂದಿಗೆ ಸುಲಭವಾಗಿ ಸೇರುವ ರೂಪದಲ್ಲಿರುತ್ತದೆ. ಉರಿ ಅತಿಯಾದರೆ ಅದೇ ಸಿಲಿಕಾ ಹರಳುಗಟ್ಟಿ ಮರಳಿನಂತೆ ಸುಮ್ಮನೆ ಕೂರುತ್ತದೆ. ಅರ್ಧಂಬರ್ಧ ಸುಟ್ಟರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ, ಕಾಂಕ್ರೀಟ್‌ಗೆ ಹಾಕಿದ ನೀರನ್ನೆಲ್ಲ ಕುಡಿಯುತ್ತದೆ. ಭಾರತ ಮೂಲದ ವಿಜ್ಞಾನಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪಿ. ಕುಮಾರ್ ಮೆಹ್ತಾ 1970ರ ದಶಕದಲ್ಲೇ ಹದವಾಗಿ ಸುಟ್ಟ ಹೊಟ್ಟಿನ ಬೂದಿಯಿಂದ ಸಿಮೆಂಟ್ ಮಾಡುವ ಬಗ್ಗೆ ಕೆಲಸ ಮಾಡಿದ್ದರು. ಗಿರಣಿಯ ಬಾಯ್ಲರ್‌ಗೆ ಬೇಕಿರುವುದು ಹಬೆ ಮಾತ್ರ, ಬೂದಿಯ ಗುಣಮಟ್ಟ ಅಲ್ಲಿ ಯಾರ ಚಿಂತೆಯೂ ಅಲ್ಲ. ಹಾಗಾಗಿ ಒಂದೇ ಗಿರಣಿಯ ಬೂದಿಯೂ ದಿನದಿಂದ ದಿನಕ್ಕೆ ಬೇರೆಯಾಗಬಹುದು.

ಮನೆ ಕಟ್ಟುವವರು ಗಮನಿಸಬೇಕಾದ್ದು ಇಲ್ಲಿದೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456:2000 ಹೊಟ್ಟಿನ ಬೂದಿಗೆ ಅವಕಾಶ ಕೊಟ್ಟಿದೆ. ಆದರೆ ಬೂದಿಯ ಗುಣ ಒಂದೇ ಸಮನಾಗಿರಬೇಕು, ಸಂಬಂಧಪಟ್ಟ ಅಧಿಕಾರಿಯ ಒಪ್ಪಿಗೆಯೂ ಬೇಕು. ಸಾಮಾನ್ಯವಾಗಿ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕಂಡಿರುವುದು ಸಿಮೆಂಟಿನ ತೂಕದ ಶೇ. 10-20ರಷ್ಟನ್ನು ನುಣ್ಣಗೆ ಅರೆದ ಬೂದಿಯಿಂದ ಬದಲಿಸಿದಾಗ. ಅದಕ್ಕೂ ಮೊದಲು ಲ್ಯಾಬ್‌ನಲ್ಲಿ ಸಿಲಿಕಾ, ಉಳಿದ ಇಂಗಾಲ, ನುಣುಪು ಮತ್ತು 28 ದಿನದ ಕ್ಯೂಬ್ ಬಲ ಪರೀಕ್ಷಿಸಲೇಬೇಕು. ಕ್ಯೂರಿಂಗ್‌ನಲ್ಲಿ ಕಂಜೂಸಿತನ ಬೇಡ. ಇನ್ನೊಂದು ಮಾತು: ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟ್‌ನಲ್ಲಿ ಸಾಮಾನ್ಯವಾಗಿ ಹಾರುಬೂದಿ ಮೊದಲೇ ಬೆರೆತಿರುತ್ತದೆ. ಅದರ ಮೇಲೆ ಮೇಸ್ತ್ರಿ ಅಂದಾಜಿನಲ್ಲಿ ಮತ್ತೊಂದು ಬೂದಿ ಸುರಿದರೆ ತಾರಸಿಯ ಬಲಕ್ಕೇ ಪೆಟ್ಟು.

ಬೆಳಗಾವಿ, ಮಂಡ್ಯ, ಕೊಲ್ಹಾಪುರದ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಬ್ಬಿನ ಸಿಪ್ಪೆಯ ಬೂದಿಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಜರಡಿ ಹಿಡಿದು, ಸುಡದೆ ಉಳಿದ ನಾರು ತೆಗೆದು, ಅರೆದ ಮೇಲಷ್ಟೇ ಬಳಕೆಗೆ ಬರುತ್ತದೆ.