ಭಾಗವತರಿಲ್ಲದೆ ಆಟವಿಲ್ಲ

ಮೇಜಿನಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಮತ್ತೆ ಮೇಜಿಗೆ, ಅಲ್ಲಿಂದ ಇಂಟರ್ನೆಟ್ಟಿಗೆ... ಹೀಗೆ ಐವತ್ತು ವರ್ಷ ಓಡಾಡಿದ ಒಂದು ಆಟದ ಕತೆ ಇದು. ಹೆಸರು ರೋಲ್ ಪ್ಲೇಯಿಂಗ್ ಗೇಮ್. ನನ್ನ ವಯಸ್ಸಿನ ಹೆಚ್ಚಿನವರು ಇದನ್ನು ಆಡಿದ್ದಿಲ್ಲ, ನೋಡಿದ್ದೂ ಇಲ್ಲ. ಆದರೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಬಹಳ ಸುಲಭ.

ನಾಲ್ಕೈದು ಜನ ಸುತ್ತ ಕೂರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅವರ ನಡುವೆ ಒಬ್ಬ ಗೇಮ್ ಮಾಸ್ಟರ್. "ಬಾಗಿಲು ಮುಚ್ಚಿದೆ, ಒಳಗಿಂದ ಯಾರೋ ಕೆಮ್ಮಿದ ಸದ್ದು. ಏನು ಮಾಡ್ತೀರಿ?" ಎಂದು ಅವನು ಕೇಳುತ್ತಾನೆ. ಒಬ್ಬ ಬಾಗಿಲು ತಟ್ಟುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಮಾಡು ಹತ್ತುತ್ತೇನೆ ಅನ್ನುತ್ತಾನೆ. ಹತ್ತಿದವನು ಜಾರಿ ಬೀಳುತ್ತಾನೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಇದೇ ಕತೆ ವಾರ ವಾರ ಮುಂದುವರಿದು ತಿಂಗಳುಗಟ್ಟಲೆ ನಡೆದರೆ ಅದಕ್ಕೆ ಕ್ಯಾಂಪೇನ್ ಎನ್ನುತ್ತಾರೆ.

ನಮ್ಮ ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅರ್ಥ ಹೇಳುತ್ತಾನೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೆ ಸಾಯುವ ಮೊದಲು ರಾಮನಿಗೆ ಅವನು ಹಾಕುವ ಪ್ರಶ್ನೆಗಳು ಆ ರಾತ್ರಿಯವು. ಈ ಆಟದಲ್ಲಿ ಅದರ ತಿರುಗುಮುರುಗು ನೋಡಿ. ಲೋಕ ಮೊದಲೇ ಗೊತ್ತು, ಕೊನೆ ಮಾತ್ರ ಯಾರಿಗೂ ಗೊತ್ತಿಲ್ಲ.

ಇದು ಶುರುವಾದದ್ದು ಅಮೆರಿಕದ ಚಳಿ ನಾಡಿನಲ್ಲಿ. 1969ರ ಸುಮಾರಿಗೆ ಮಿನ್ನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬವರು ಗೆಳೆಯರಿಗಾಗಿ ಒಂದು ಯುದ್ಧದಾಟ ಏರ್ಪಡಿಸಿದರು. ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಊರು, ಹೆಸರು ಬ್ರೌನ್‌ಸ್ಟೈನ್. ಸೈನ್ಯ ನಡೆಸುವ ಬದಲು ಒಬ್ಬೊಬ್ಬರಿಗೆ ಆ ಊರಿನ ಒಂದೊಂದು ಪಾತ್ರ ಕೊಟ್ಟರು. ಆಟ ಕೈತಪ್ಪಿ ಗೊಂದಲವಾಯಿತು. ಕೆಟ್ಟುಹೋಯಿತು ಎಂದು ವೆಸ್ಲಿ ಅಂದುಕೊಂಡರೆ, ಗೆಳೆಯರು ಮತ್ತೆ ಯಾವಾಗ ಎಂದು ಕೇಳಿದರಂತೆ! ಆ ಬಳಗದ ಡೇವ್ ಆರ್ನೆಸನ್ ಅದನ್ನೇ ಬೆಳೆಸಿ ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕ ಕಟ್ಟಿದರು. ವಿಸ್ಕಾನ್ಸಿನ್ನಿನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಒಂದು ಪೆಟ್ಟಿಗೆ, ಮೂರು ಪುಟ್ಟ ಪುಸ್ತಕ. ಮೊದಲ ಮುದ್ರಣ 1,000 ಪ್ರತಿ.

ಅಲ್ಲಿ ಇಂಥ ಆಟ ಬೆಳೆಯಲು ಮನೆಯ ಕಟ್ಟಡವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಹೊರಗೆ ಹಿಮ, ಮನೆಯ ಕೆಳಗೆ ನೆಲಮಾಳಿಗೆ, ಅದರಲ್ಲೊಂದು ದೊಡ್ಡ ಮೇಜು. ಐದಾರು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ನಮ್ಮ ಗೋರೆಗಾಂವಿನ ವನ್ ರೂಮ್ ಕಿಚನ್ನಿನಲ್ಲಿ ಆ ಮೇಜು ಎಲ್ಲಿಡುತ್ತೀರಿ? ಊಟದ ಜಾಗವೇ ರಾತ್ರಿ ಮಲಗುವ ಜಾಗ. ಮುಂಬಯಿಗೆ ಬಂದ ನಮ್ಮ ಕರಾವಳಿಯವರು ತಾಳಮದ್ದಲೆಯನ್ನು ಸಂಘದ ಕೋಣೆಯಲ್ಲಿ, ದೇವಸ್ಥಾನದ ಸಭಾಂಗಣದಲ್ಲಿ ನಡೆಸಿದ್ದು ಇದೇ ಕಾರಣಕ್ಕೆ. ಆಟಕ್ಕೆ ಬೇಕಾದ್ದು ಚಾಪೆ ಹಾಸುವಷ್ಟು ಜಾಗ, ಮತ್ತು ಹತ್ತು ಜನರಿಗೆ ಒಂದೇ ದಿನ ರಜೆ. ಎರಡನೆಯದೇ ಕಷ್ಟ!

ಇರಲಿ, ಕತೆಗೆ ಬರೋಣ. ಆಟ ಕಂಪ್ಯೂಟರಿಗೆ ಹೋಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1975ರ ಹೊತ್ತಿಗೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳು ಅದರ ನಕಲು ಬರೆದಿದ್ದರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮಡ್ ಎಂಬ ಆಟ ಶುರುಮಾಡಿದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಬೇರೆ ಬೇರೆ ಟರ್ಮಿನಲ್ಲಿನಲ್ಲಿ ಕೂತವರು ಒಂದೇ ಲೋಕದಲ್ಲಿ ಓಡಾಡಬಹುದಿತ್ತು, ಬರೀ ಅಕ್ಷರಗಳಲ್ಲಿ. ಮುಂದೆ 1981ರ ವಿಝರ್ಡ್ರಿ, 1986ರ ಜಪಾನಿನ ಡ್ರ್ಯಾಗನ್ ಕ್ವೆಸ್ಟ್... ಹೀಗೆ ಸಾಲು ಬೆಳೆಯಿತು.

ಕಂಪ್ಯೂಟರು ಲೆಕ್ಕವನ್ನು ಚೆನ್ನಾಗಿ ಮಾಡಿತು. ಚಿತ್ರ ತೋರಿಸಿತು, ಸಂಗೀತ ಕೇಳಿಸಿತು. ಒಂದು ಮಾತ್ರ ಅದರ ಕೈಯಲ್ಲಿ ಆಗಲಿಲ್ಲ. "ನಾನು ರಾಕ್ಷಸನ ಜೊತೆ ಹೊಡೆದಾಡುವುದಿಲ್ಲ, ಅವನಿಗೆ ಹಸಿವಾಗಿದೆಯೋ ಕೇಳುತ್ತೇನೆ" ಎಂದು ಆಟಗಾರ ಹೇಳಿದರೆ, ಪ್ರೋಗ್ರಾಂ ಬರೆದವನು ಅದನ್ನು ಮೊದಲೇ ಯೋಚಿಸಿರಬೇಕು. ಇಲ್ಲದಿದ್ದರೆ ಆ ದಾರಿ ಬಂದ್. ಮೇಜಿನ ಆಚೆ ಮನುಷ್ಯ ಕೂತಿದ್ದರೆ ಅವನು ತಲೆ ಕೆರೆದುಕೊಂಡು ಏನಾದರೂ ಉತ್ತರ ಕೊಟ್ಟೇ ಕೊಡುತ್ತಾನೆ.

ಅದಕ್ಕೇ ಇರಬೇಕು, ವಿಡಿಯೋ ಗೇಮಿನ ಲೋಕಗಳು ಮತ್ತೆ ಮೇಜಿಗೆ ಬಂದವು. ಎವರ್‌ಕ್ವೆಸ್ಟ್ 2002ರಲ್ಲಿ, ವಾರ್‌ಕ್ರಾಫ್ಟ್ 2003ರಲ್ಲಿ ಪುಸ್ತಕ ಮತ್ತು ದಾಳದ ಆಟಗಳಾದವು. ಆಮೇಲೆ ಡ್ರ್ಯಾಗನ್ ಏಜ್, 2018ರಲ್ಲಿ ವಿಚರ್. ಇವುಗಳಲ್ಲಿ ನನಗೆ ಸ್ವಾರಸ್ಯವೆನಿಸಿದ್ದು ಫಾಲ್‌ಔಟ್. 1997ರಲ್ಲಿ ಬಂದ ಈ ವಿಡಿಯೋ ಗೇಮನ್ನು ಮೊದಲು ಗರ್ಪ್ಸ್ ಎಂಬ ಮೇಜಿನಾಟದ ನಿಯಮಗಳ ಮೇಲೆ ಕಟ್ಟುತ್ತಿದ್ದರು. ಆ ಒಪ್ಪಂದ ಮುರಿದುಬಿತ್ತು, ಅವಸರದಲ್ಲಿ ಸ್ವಂತ ನಿಯಮ ಮಾಡಿಕೊಂಡರು. ಅದೇ ಫಾಲ್‌ಔಟ್ 2021ರಲ್ಲಿ ಮೋಡಿಫಿಯಸ್ ಎಂಬ ಬ್ರಿಟಿಷ್ ಸಂಸ್ಥೆಯಿಂದ ಮೇಜಿನಾಟವಾಗಿ ಬಂತು. ತವರಿಗೆ ಬರಲು 24 ವರ್ಷ ಹಿಡಿಯಿತು!

ಅದರ ಕತೆ ಇಷ್ಟು: 2077ರಲ್ಲಿ ಅಣುಯುದ್ಧವಾಗಿ ಪ್ರಪಂಚ ಸುಟ್ಟುಹೋಗಿದೆ, ನೆಲದಡಿಯ ಆಶ್ರಯಗಳಲ್ಲಿ ಉಳಿದವರ ಮಕ್ಕಳು ಮೊಮ್ಮಕ್ಕಳು ಹೊರಗೆ ಬರುತ್ತಾರೆ. ನಮ್ಮ ದೇಶಕ್ಕೂ ಇದಕ್ಕೂ ಒಂದು ಸಂಬಂಧ ಉಂಟು. 2008ರಲ್ಲಿ ಫಾಲ್‌ಔಟ್ 3 ಬಂದಾಗ ಮೈಕ್ರೋಸಾಫ್ಟ್ ಅದರ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಸಾಂಸ್ಕೃತಿಕ ಸೂಕ್ಷ್ಮತೆ ಎಂದಷ್ಟೇ ಕಾರಣ ಕೊಟ್ಟಿತು. ಆ ಲೋಕದಲ್ಲಿ ವಿಕಿರಣದಿಂದ ಎರಡು ತಲೆ ಬಂದ ಹಸುಗಳಿವೆ, ಅವುಗಳಿಗೆ ಇಟ್ಟ ಹೆಸರು ಬ್ರಾಹ್ಮಿನ್. ಅದೇ ಕಾರಣವಿರಬೇಕು ಎಂದು ಜನ ಊಹಿಸಿದರು.

ಈಗ ಆನ್‌ಲೈನ್ ವಿಷಯ. ದೂರದಲ್ಲಿದ್ದುಕೊಂಡು ಕೂಡಿ ಆಡುವ ಆಸೆ ಇಂಟರ್ನೆಟ್ಟಿಗಿಂತ ಹಳೆಯದು. 1963ರಿಂದಲೇ ಅಮೆರಿಕದಲ್ಲಿ ಡಿಪ್ಲೊಮಸಿ ಎಂಬ ಆಟವನ್ನು ಅಂಚೆಯಲ್ಲಿ ಆಡುತ್ತಿದ್ದರು. ಮೇಜನ್ನೇ ತೆರೆಯ ಮೇಲೆ ತರುವ ಫ್ಯಾಂಟಸಿ ಗ್ರೌಂಡ್ಸ್ 2004ರಲ್ಲಿ, ರೋಲ್20 2012ರಲ್ಲಿ ಬಂದವು. ಮಾತಾಡಲು ಡಿಸ್ಕಾರ್ಡ್ 2015ರಲ್ಲಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಲೋಕಲ್ ರೈಲುಗಳೇ ನಿಂತಾಗ ತಾಳಮದ್ದಲೆಯೂ ಯೂಟ್ಯೂಬಿಗೆ ಬಂತು, ಈ ಆಟವೂ ಮನೆ ಮನೆಗೆ ಬಂತು. ಮೇಜಿಲ್ಲದ ಮುಂಬಯಿಗೆ ಮೇಜು ಸಿಕ್ಕಿದ್ದು ಹೀಗೆ.

ನಮ್ಮ ಮನೆಗೂ ಬಂತು. ನನ್ನ ಮಗ ಫಾಲ್‌ಔಟ್ ಲೋಕದ ಒಂದು ಕ್ಯಾಂಪೇನ್ ನಡೆಸುತ್ತಾನೆ. ಆಟಗಾರರು ನಾಲ್ವರು: ಇಬ್ಬರು ಮುಂಬಯಿಯಲ್ಲಿ, ಒಬ್ಬ ದುಬೈಯಲ್ಲಿ, ಒಬ್ಬಳು ಟೊರೊಂಟೊದಲ್ಲಿ. ಎಲ್ಲರೂ ಒಂದೇ ಶಾಲೆಯಲ್ಲಿ ಓದಿದವರು. ಪ್ರಧಾನ ಗೇಮುಗಳ ಕತೆಯೆಲ್ಲ ಅಮೆರಿಕದಲ್ಲೇ ನಡೆಯುವುದರಿಂದ ಮುಂಬಯಿಗೆ ಏನಾಯಿತೆಂದು ಅವು ಹೇಳುವುದಿಲ್ಲ. ಹಾಗಾಗಿ ಮಗ ಆ ಲೋಕದೊಳಗೆ ಗೋರೆಗಾಂವನ್ನೇ ಇಟ್ಟ. ಗೇಮಿನ ನಾಯಕರ ಹತ್ತಿರ ಹೋಗದೆ, ಅವರ ಕತೆಗೆ ಅಡ್ಡ ಬಾರದೆ, ಖಾಲಿ ಜಾಗದಲ್ಲಿ ಆಡುವುದು ಇಂಥ ಕ್ಯಾಂಪೇನಿಗೆ ಒಳ್ಳೆಯ ಉಪಾಯ. ಫಿಲ್ಮ್ ಸಿಟಿಯ ಸೆಟ್ಟುಗಳಲ್ಲಿ ಒಂದು ಗುಂಪು ವಾಸ, ಅರಮನೆಯ ಹಿಂಬದಿ ಪ್ಲೈವುಡ್ ಎಂದು ಅವರಿಗೆ ಮರೆತುಹೋಗಿದೆ. ಆರೇ ಕಾಲನಿಯಲ್ಲಿ ತಬೇಲ. ಎರಡು ತಲೆಯ ಹಸುವಿನ ಹೆಸರಿನ ಪ್ರಶ್ನೆ ಅಲ್ಲೇ ಬಂತು.

ಆಟಕ್ಕೆ ಮುಂಚೆ ಒಂದು ದಿನ ಬರೀ ಮಾತಿಗೆ ಕೂರುತ್ತಾರೆ, ಸೆಷನ್ ಝೀರೋ ಅನ್ನುತ್ತಾರೆ. ಏನು ಆಡೋಣ, ಏನು ಬೇಡ, ಯಾರಿಗೆ ಯಾವುದು ನೋವಾಗುತ್ತದೆ ಎಂದು ಬಾಯಿಬಿಟ್ಟು ಹೇಳುವುದು. ಆ ಹೆಸರು ಬೇಡ ಎಂದು ಒಬ್ಬ, ಅದರಲ್ಲೇನಿದೆ ಎಂದು ಇನ್ನೊಬ್ಬ. ಕೊನೆಗೆ ಆರೇಯಲ್ಲಿ ಇರುವುದು ಹೆಚ್ಚಾಗಿ ಎಮ್ಮೆ ತಾನೇ ಎಂದು ಎರಡು ತಲೆಯ ಎಮ್ಮೆ ಮಾಡಿದರು! ಕಂಪನಿಯೊಂದು ಬಿಡುಗಡೆಯನ್ನೇ ಕೈಬಿಟ್ಟ ಕಡೆ ಐದು ಜನ ಹತ್ತು ನಿಮಿಷದಲ್ಲಿ ದಾರಿ ಕಂಡುಕೊಂಡರು.

ಕಷ್ಟ ಇದ್ದದ್ದು ಗಡಿಯಾರದಲ್ಲಿ. ಭಾನುವಾರ ರಾತ್ರಿ ಇಲ್ಲಿ ಎಂಟೂವರೆ ಅಂದರೆ ದುಬೈಯಲ್ಲಿ ಏಳು, ಚಳಿಗಾಲದ ಟೊರೊಂಟೊದಲ್ಲಿ ಬೆಳಿಗ್ಗೆ ಹತ್ತು. ಮಾರ್ಚಿನಲ್ಲಿ ಅವರು ಗಡಿಯಾರ ಮುಂದಿಟ್ಟರೆ ಅಲ್ಲಿ ಹನ್ನೊಂದಾಗುತ್ತದೆ, ಆ ಹುಡುಗಿಗೆ ಕೆಲಸಕ್ಕೆ ಹೊರಡುವ ಹೊತ್ತು. ಒಬ್ಬನಿಗೆ ಪಾಳಿ ಬದಲು, ಇನ್ನೊಬ್ಬನಿಗೆ ಮದುವೆ. ಎರಡು ವಾರ ತಪ್ಪಿದರೆ ಮೂರನೆಯ ವಾರ ಯಾರಿಗೂ ನೆನಪಿರುವುದಿಲ್ಲ. ನಾನು ಕಂಡಂತೆ ಕ್ಯಾಂಪೇನುಗಳು ರಾಕ್ಷಸರಿಂದ ಸಾಯುವುದಿಲ್ಲ, "ಈ ವಾರ ಆಗಲ್ಲ" ಎಂಬ ಮೆಸೇಜಿನಿಂದ ಸಾಯುತ್ತವೆ.

ಕಳೆದ ವರ್ಷ ಮಗನಿಗೆ ಸಾಕಾಗಿತ್ತು. ಕತೆ ತಯಾರು ಮಾಡುವವನು ಅವನೇ, ಎಲ್ಲರನ್ನೂ ಕರೆಯುವವನೂ ಅವನೇ. ನಿಲ್ಲಿಸುತ್ತೇನೆ ಎಂದ. ನಾನು ಒಂದೇ ಮಾತು ಕೇಳಿದೆ: "ರಾತ್ರಿಯಿಡೀ ಒಬ್ಬರೇ ಭಾಗವತರು ಹಾಡ್ತಾರೇನೋ? ನಡುವೆ ಇನ್ನೊಬ್ಬರು ಕೂರುವುದಿಲ್ವಾ?" ಅವನು ಏನೂ ಹೇಳಲಿಲ್ಲ. ಮುಂದಿನ ತಿಂಗಳಿಂದ ಟೊರೊಂಟೊದ ಹುಡುಗಿ ಮೂರು ವಾರ ಗೇಮ್ ಮಾಸ್ಟರ್ ಆದಳು, ದಿನ ಗೊತ್ತುಮಾಡುವ ಕೆಲಸ ದುಬೈಯವನಿಗೆ ಹೋಯಿತು, ನಾಲ್ವರಲ್ಲಿ ಮೂವರು ಬಂದರೂ ಆಡುವುದು ಎಂದು ನಿಯಮವಾಯಿತು. ಆಟ ಉಳಿಯಿತು.

ಈ ನಗರದಲ್ಲಿ ನಮ್ಮ ಎಷ್ಟೋ ಕಾರ್ಯಕ್ರಮಗಳು ನಿಂತದ್ದು ಕಲಾವಿದರಿಲ್ಲದೆ ಅಲ್ಲ. ಫೋನ್ ಮಾಡಿ, ಹಾಲ್ ಬುಕ್ ಮಾಡಿ, ಚಹಾ ಹೇಳಿ ಎಲ್ಲರನ್ನೂ ಕೂರಿಸುತ್ತಿದ್ದ ಒಬ್ಬರು ಊರಿಗೆ ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ, ಅಷ್ಟೆ. ಇಂಥವರ ಹೆಸರು ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲೂ ಇರುವುದಿಲ್ಲ. ನಿಮ್ಮ ಸಂಘದಲ್ಲಿ ಅಂಥವರು ಒಬ್ಬರೇ ಇದ್ದರೆ, ಅವರಿಗೆ ಸಾಕಾಗುವ ಮೊದಲೇ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ.